ಹಾಜರಿ ನಂಬರು ಇಪ್ಪತ್ತೇಳಕ್ಕೆ, ಮತ್ತೆ ನಮ್ಮ ಸ್ಕೂಲ್ ಬ್ಯಾಚಿನ ಎಲ್ಲರಿಗೂ

ನಿನ್ನೆ ನಮ್ಮನೆಯವ್ರು ಕೋಲಿಲ್ದೆ ತೋಟದಲ್ಲಿ ಕೆರೆ ಪಕ್ಕದ ಬ್ಲಾಕ್ ತನಕ ಒಬ್ರೇ ಹೋಗಿ ವಾಪಸ್ ಬಂದ್ರು. ಬಂದವರು ಕಣದ ಕಟ್ಟೆ ಮೇಲೆ ಕೂತ್ಕೊಂಡು, ಆ ಮೂಲೇಲಿ ಆನೆ ಬಂದು ಬಾಳೆ ಎಲ್ಲ ಮುರಿದು ಹಾಕಿದೆ, ಬೇಲಿ ಬಿದ್ದಿದೆ, ನೀವ್ಯಾರೂ ಆ ಕಡೆ ತಲೆನೇ ಹಾಕಿಲ್ವಾ ಅಂತ ಜೋರಾಗಿ ಬೈದ್ರು. ಒಂದು ವರ್ಷದಿಂದ ಅವರು ನನಗೆ ಬೈದೇ ಇರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಸುಮಾರು ಹೊತ್ತು ಅತ್ತೆ, ಆಮೇಲೆ ಮುಖ ತೊಳ್ಕೊಂಡು ಕಾಫಿ ತಂದು ಕೊಟ್ಟೆ. ಆಗಲೇ ಅನ್ನಿಸ್ತು, ಇನ್ನು ಬರೆಯೋದಕ್ಕೆ ತಡ ಮಾಡಬಾರದು, ನಿಮಗೆಲ್ಲ ಒಂದು ಥ್ಯಾಂಕ್ಸ್ ಬಾಕಿ ಉಳಿಸ್ಕೊಂಡೇ ವರ್ಷ ಕಳೀತು ಅಂತ.

ಏನಾಯ್ತು, ಹೇಗೆ ಬಿದ್ರು, ಎಷ್ಟು ಆಪರೇಷನ್ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನ ಮತ್ತೆ ಬರೆಯೋ ಶಕ್ತಿ ನನಗಿಲ್ಲ. ಹೋದ ವರ್ಷ ಫೆಬ್ರವರಿ ಕೊನೇಲಿ, ಮೆಣಸು ಕೊಯ್ಲಿನ ಟೈಮಲ್ಲಿ ಅಂತ ಮಾತ್ರ ಹೇಳಿ ಮುಂದೆ ಹೋಗ್ತೀನಿ.

ನಮ್ಮ ಗ್ರೂಪ್ ಬಗ್ಗೆ ಒಂದು ಮಾತು ಹೇಳ್ಬೇಕು. 1998ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಸೋಮವಾರಪೇಟೆಯಿಂದ ಒಬ್ಬೊಬ್ಬರು ಒಂದೊಂದು ಕಡೆ ಚದುರಿ ಹೋದ್ವಿ, ಬೆಂಗಳೂರು, ಮೈಸೂರು, ಮಂಗಳೂರು, ಗಲ್ಫು, ಒಂದಷ್ಟು ಜನ ಇಲ್ಲೇ ತೋಟದಲ್ಲೇ ಉಳಿದ್ವಿ. ಗ್ರೂಪ್ ಶುರುವಾದಾಗ ಅದರಲ್ಲಿ ಏನಿರ್ತಿತ್ತು ಹೇಳಿ, ಗುಡ್ ಮಾರ್ನಿಂಗ್ ಫೋಟೋ, ಪುತ್ತರಿಗೆ ಶುಭಾಶಯ, ಆಟಿ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸದ ಫೋಟೋ, ಮತ್ತೆ ಮಳೆ. ನಮ್ಮಲ್ಲಿ 40 ಸೆಂಟು (ನೂರು ಸೆಂಟಿಗೆ ಒಂದಿಂಚು ಮಳೆ), ನಿಮ್ಮಲ್ಲಿ? ನಮ್ಮಲ್ಲಿ ಒಂದಿಂಚು 20 ಸೆಂಟು. ಮಾದಾಪುರದ ಕಡೆ ಬರೀ ಮೋಡ. ಹೊರಗಿನವರು ನೋಡಿದ್ರೆ ಇವರಿಗೆ ಬೇರೆ ಮಾತೇ ಇಲ್ವಾ ಅಂದ್ಕೊಳ್ತಾರೆ, ಆದ್ರೆ ಕಾಫಿ ಹೂ ಬಿಡಿಸೋ ಹೂಮಳೆಗೆ ಕಾಯೋ ಮನೆಯವರಿಗೆ ಮಾತ್ರ ಗೊತ್ತು ಆ ಸೆಂಟಿನ ಬೆಲೆ. 2018ರ ಆಗಸ್ಟಲ್ಲಿ ಹಟ್ಟಿಹೊಳೆ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಕುಸಿದಾಗ ಇದೇ ಗ್ರೂಪಲ್ಲಿ ರಾತ್ರಿ ಇಡೀ ಯಾರು ಎಲ್ಲಿದ್ದಾರೆ, ಯಾರ ಅಪ್ಪ ಅಮ್ಮನ್ನ ಯಾವ ಪರಿಹಾರ ಕೇಂದ್ರದಲ್ಲಿ ನೋಡಿದ್ವಿ ಅಂತ ಬರೀತಾ ಇದ್ರು, ಕರೆಂಟಿಲ್ಲ, ಟವರಿಲ್ಲ, ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಮೆಸೇಜ್ ಹಾಕಿದವರಿದ್ದಾರೆ. ಅಷ್ಟೆಲ್ಲ ನೋಡಿದ ಮೇಲೂ ನಾನು ಮುಂದಿನ ವರ್ಷ ಗ್ರೂಪನ್ನ ಮ್ಯೂಟ್ ಮಾಡಿದೆ. ಯಾಕೆ ಅಂದ್ರೆ ಕಾರಣ ಇಲ್ಲ. ಮನೆ, ಮಕ್ಕಳು, ತೋಟ, ಕೆಲಸದವರು, ದಿನಕ್ಕೆ ಅಷ್ಟು ಮೆಸೇಜ್ ನೋಡೋಕೆ ಪುರುಸೊತ್ತಿಲ್ಲ ಅಂತ.

ಆ ದಿನ ಆಂಬುಲೆನ್ಸ್ ಕುಶಾಲನಗರ ದಾಟಿ ಬೈಲುಕುಪ್ಪೆ ಹತ್ರ ಬಂದಾಗ ನನ್ನ ತಲೆಗೆ ಹೊಳೆದಿದ್ದು ಒಂದೇ, ಮೈಸೂರಲ್ಲಿ ನನಗೆ ಯಾರೂ ಗೊತ್ತಿಲ್ಲ. ಮ್ಯೂಟ್ ಮಾಡಿದ್ದ ಗ್ರೂಪನ್ನ ಹುಡುಕಿ ತೆಗೆದು "ಯಾರಾದ್ರೂ ಮೈಸೂರಲ್ಲಿ ಇದ್ದೀರಾ" ಅಂತ ಟೈಪ್ ಮಾಡಿದೆ. ಕೈ ನಡುಗಿ ಮೈಸೂರು ಅನ್ನೋದು ಮೈಸೂ ಅಂತಷ್ಟೇ ಹೋಗಿತ್ತು. ನಾವು ಹುಣಸೂರು ಮುಟ್ಟೋದ್ರೊಳಗೆ ಮೂರು ಜನ ಆಸ್ಪತ್ರೆ ಬಾಗಿಲಲ್ಲಿ ನಿಂತಾಗಿತ್ತು. ಅದರಲ್ಲಿ ಇಬ್ಬರನ್ನ ನಾನು ಇಪ್ಪತ್ತಾರು ವರ್ಷದಿಂದ ನೋಡೇ ಇರಲಿಲ್ಲ, ಒಬ್ಬನ ಗುರುತೇ ಸಿಗಲಿಲ್ಲ.

ರಕ್ತ ಕೊಟ್ಟವರು, ಅಡ್ವಾನ್ಸ್ ಕಟ್ಟಿದವರು, ಹದಿನೇಳು ದಿನ ಮಗಳನ್ನ ತಮ್ಮ ಮನೇಲಿ ಇಟ್ಕೊಂಡು ಪರೀಕ್ಷೆಗೆ ಕಳ್ಸಿದವರು, ಬುತ್ತಿ ತಂದವರು, ದುಡ್ಡು ಹಾಕಿ ಹೆಸರು ಹೇಳಬೇಡಿ ಅಂದವರು, ನಿಮಗೆಲ್ಲ ನಾನೂ ನಮ್ಮನೆಯವ್ರೂ ಕೈಮುಗೀತೀವಿ. ಇನ್ನು ತೋಟ ನೋಡ್ಕೊಂಡವರು: ಹೂವಿಗೆ ನೀರು ಕೊಡೋ ಟೈಮದು, ಮಳೆ ಇಲ್ಲ, ಪಂಪು ಕೆಟ್ಟು ಕೂತಿತ್ತು, ನಿಮ್ಮ ನಿಮ್ಮ ತೋಟಕ್ಕೇ ನೀರು ಬೇಕಾಗಿರೋ ಹೊತ್ತಲ್ಲಿ ಪೈಪು ಜೆಟ್ಟು ಎಲ್ಲ ಪಿಕಪ್ಪಲ್ಲಿ ಹಾಕ್ಕೊಂಡು ಬಂದು ಹಗಲು ರಾತ್ರಿ ಸ್ಪ್ರಿಂಕ್ಲರ್ ಓಡಿಸಿದ್ರಿ. ಎಂಟೊಂಬತ್ತು ದಿನಕ್ಕೆ ರೊಬಸ್ಟಾ ಹೂ ಬಿಟ್ಟಾಗ ವಿಡಿಯೋ ಕಳ್ಸಿದ್ರಲ್ಲ, ಗಿಡ ಎಲ್ಲ ಬೆಳ್ಳಗೆ, ಜೇನಿನ ಸದ್ದು ಕೇಳ್ತಿತ್ತು, ಅದನ್ನ ಅವರು ಮಲಗಿದ್ದಲ್ಲೇ ನಾಲ್ಕು ಸಲ ನೋಡಿದ್ರು. ಮೊದಲನೇ ಸಲ ಅವರ ಮುಖದಲ್ಲಿ ಜೀವ ನೋಡಿದ್ದು ಅವತ್ತು. ಈ ವರ್ಷ ಕಾಫಿ ಕೊಯ್ಲು ಆಗಿದ್ದು ಆ ನೀರಿನಿಂದ. ಸಾಲ ತೀರಿದ್ದೂ ಅದರಿಂದಲೇ.

ಈಗ ಇಪ್ಪತ್ತೇಳರ ವಿಷಯ. ಹೆಸರು ಹಾಕಿದ್ರೆ ಮಾತಾಡಲ್ಲ ಅಂದಿದ್ದಾಳೆ, ಅದಕ್ಕೆ ಹಾಜರಿ ನಂಬರು. ನಾನು 26, ಅವಳು 27. ಮೂರು ವರ್ಷ ಟೆಸ್ಟಿಗೂ ಪರೀಕ್ಷೆಗೂ ನನ್ನ ಬೆನ್ನ ಹಿಂದೆ ಕೂತವಳು. ಈಗ ಕುವೈತಲ್ಲಿ ನರ್ಸು.

ಎರಡನೇ ಆಪರೇಷನ್ ಆದ ರಾತ್ರಿ. ಅಣ್ಣ ಕಾಗದಪತ್ರ ತರೋಕೆ ಊರಿಗೆ ಹೋಗಿದ್ದ, ಮೈಸೂರಿನ ಮೂವರನ್ನೂ ನಾನೇ ಒತ್ತಾಯ ಮಾಡಿ ಮನೆಗೆ ಕಳ್ಸಿದ್ದೆ, ಪಾಪ ಎರಡು ದಿನದಿಂದ ನಿದ್ದೆ ಇರಲಿಲ್ಲ ಅವರಿಗೆ. ಹತ್ತು ಗಂಟೆಗೆ ಡಾಕ್ಟರ್ ಬಂದು ಬೆಳಗಿನವರೆಗೂ ಏನೂ ಹೇಳೋಕಾಗಲ್ಲ ಅಂದು ಹೋದ್ರು. ಐಸಿಯು ಹೊರಗಡೆ ಸಾಲಾಗಿ ಕಬ್ಬಿಣದ ಕುರ್ಚಿ, ಮೇಲೆ ಒಂದು ಟ್ಯೂಬ್‌ಲೈಟ್ ಹತ್ತಿ ಆರಿ ಮಾಡ್ತಿತ್ತು. ಅವರ ಚಪ್ಪಲಿ ಒಂದು ಪ್ಲಾಸ್ಟಿಕ್ ಕವರಲ್ಲಿ ನನ್ನ ತೊಡೆ ಮೇಲಿತ್ತು, ತೋಟದ ಕೆಮ್ಮಣ್ಣು ಹಾಗೇ ಅಂಟಿತ್ತು ಅದಕ್ಕೆ. ಗ್ರೂಪಲ್ಲಿ ನಾನು ಬರೆದಿದ್ದು "ಭಯ ಆಗ್ತಿದೆ" ಅಂತ, ಅಷ್ಟೇ. ಧೈರ್ಯವಾಗಿರು, ದೇವರಿದ್ದಾನೆ, ಕಾವೇರಮ್ಮ ಕಾಪಾಡ್ತಾಳೆ ಅಂತ ಸುಮಾರು ಜನ ಬರೆದ್ರಿ, ಆ ಹೊತ್ತಲ್ಲಿ ಅದೂ ಬೇಕಿತ್ತು. ಹನ್ನೊಂದೂವರೆ ಆಯ್ತು, ಒಬ್ಬೊಬ್ಬರೇ ಮಲಗಿದ್ರಿ. ಮಲಗಲೇಬೇಕಲ್ಲ.

ಆಗ ನನಗೆ ಬೇರೆಯಾಗಿ ಒಂದು ವಾಯ್ಸ್ ಮೆಸೇಜ್ ಬಂತು. ಇಪ್ಪತ್ತೇಳು ನೈಟ್ ಡ್ಯೂಟಿಲಿದ್ಲು. ಫೋನ್ ಮಾಡಲ್ಲ, ಮಾಡಿದ್ರೆ ನೀನು ಅಳ್ತೀಯ, ನೀನು ಅತ್ರೆ ನನಗೆ ಇಲ್ಲಿ ಪೇಷೆಂಟ್ ನೋಡೋಕಾಗಲ್ಲ, ಹೀಗೇ ಕಳ್ಸ್ತಾ ಇರ್ತೀನಿ, ನೀನು ಉತ್ತರ ಕೊಡೋದು ಬೇಡ ಕೇಳು ಸಾಕು ಅಂದ್ಲು. ಅವಳು ನರ್ಸಲ್ವಾ, ಮೆಷಿನ್ ಬಗ್ಗೆ ಔಷಧಿ ಬಗ್ಗೆ ಹೇಳ್ತಾಳೆ ಅಂದ್ಕೊಂಡೆ. ಅದರ ಸುದ್ದಿನೇ ಎತ್ತಲಿಲ್ಲ.

"ನಾಲ್ಕೂಕಾಲು ಬೆಲ್ ಹೊಡೀತು ಕಣೆ. ಕೊಡೆ ತಗೋ, ನನ್ನದು ಕಡ್ಡಿ ಮುರಿದಿದೆ, ನಿನ್ನದರಲ್ಲೇ ಇಬ್ಬರೂ ಹೋಗೋಣ." ಇದು ಅವಳ ಎರಡನೇ ಮೆಸೇಜ್. ಸ್ಕೂಲ್ ಗೇಟಿಂದ ನನ್ನನ್ನ ಬಸ್ ಸ್ಟ್ಯಾಂಡಿಗೆ ನಡೆಸಿಕೊಂಡು ಹೊರಟ್ಲು. ದಿನಾ ಹಾಗೇ ಅಲ್ವಾ ಹೋಗ್ತಿದ್ದಿದ್ದು, ನಾನು ಬಸ್ ಹತ್ತೋವರೆಗೂ ಅವಳು ನಿಂತಿರ್ತಿದ್ಲು. ವಾರ್ಡಲ್ಲಿ ಒಂದು ರೌಂಡ್ ಮುಗ್ಸೋದು, ಬಂದು ಒಂದು ಮೆಸೇಜ್. ಗೇಟ್ ಹತ್ರದ ನೇರಳೆ ಮರ. ಕಾಲುದಾರಿಯ ಹುಲ್ಲಲ್ಲಿ ಜಿಗಣೆ, ನಿಲ್ಲು, ನಿನ್ನ ಸಾಕ್ಸಲ್ಲಿ ಒಂದಿದೆ, ಉಪ್ಪಿಲ್ಲ, ಹಾಗೇ ಕಿತ್ತು ಬಿಸಾಕು. ಇವತ್ತು ಸೋಮವಾರ, ಸಂತೆ ಇದೆ, ಜನ ಜಾಸ್ತಿ. ಕಣಿಲೆ ಬಂದಿದೆ ನೋಡು, ಒಣಮೀನಿನ ಅಜ್ಜಿ ಟಾರ್ಪಾಲ್ ಕೆಳಗೆ ಕೂತಿದ್ದಾಳೆ. ಕ್ಯಾಸೆಟ್ ಅಂಗಡಿ ಮುಂದೆ ಎರಡು ನಿಮಿಷ ನಿಲ್ಲೋಣ, ಹಾಡು ಮುಗೀಲಿ. ಎಸ್‌ಟಿಡಿ ಬೂತಲ್ಲಿ ಯಾರೋ ಗಟ್ಟಿಯಾಗಿ ಮಾತಾಡ್ತಿದ್ದಾರೆ. ಬೇಕರಿಲಿ ಬಿಸಿ ಬನ್ನು ಬಂದಿದೆ, ನನ್ನ ಹತ್ರ ಎರಡು ರೂಪಾಯಿ ಇದೆ, ಅರ್ಧ ಅರ್ಧ.

ನಾನು ಕಣ್ಣು ಮುಚ್ಚಿ ಫೋನನ್ನ ಕಿವಿಗೆ ಒತ್ಕೊಂಡು ಕೂತಿದ್ದೆ. ಆ ಹಾದಿಯ ಒಂದೊಂದು ಅಂಗಡಿನೂ ಅವಳಿಗೆ ನೆನಪಿದೆ. ನನಗೆ ದಿನಾ ಓಡಾಡೋ ಊರದು, ಅವು ಯಾವಾಗ ಹೋದ್ವು ಅನ್ನೋದೂ ಗಮನ ಇರಲಿಲ್ಲ. ಮಧ್ಯ ಮಧ್ಯ ಅವಳ ಹಿಂದೆ ಯಾರೋ ಅರಬ್ಬೀಲಿ ಕರೆಯೋದು, ಟ್ರಾಲಿ ತಳ್ಳೋ ಸದ್ದು, "ಬಂದೆ ಇರು" ಅನ್ನೋದು, ಹತ್ತು ನಿಮಿಷ ಇಲ್ಲ, ಮತ್ತೆ ಶುರು. ಮೂರು ಗಂಟೆ ಹೊತ್ತಿಗೆ ಒಳಗಿಂದ ಇಬ್ಬರು ಓಡಿ ಬಂದು ಮತ್ತೆ ಒಳಗೆ ಓಡಿದ್ರು. ನಾನು ಬಾಗಿಲ ಹತ್ರ ಹೋದೆ, ಯಾರೂ ಏನೂ ಹೇಳಲಿಲ್ಲ. ಆಗ ಮಾತ್ರ ನಾನು ಬರೆದೆ, "ಒಳಗೆ ಏನೋ ಆಗ್ತಿದೆ ಕಣೆ". ಆರು ಸೆಕೆಂಡಿನ ಮೆಸೇಜ್ ಬಂತು. "ಇದ್ದೀನಿ. ಗೋಡೆ ಹಿಡ್ಕೊಂಡು ಕೂತ್ಕೊ." ಅಷ್ಟೇ. ಅದನ್ನ ಎಷ್ಟು ಸಲ ಕೇಳಿದ್ನೋ.

ಬಸ್ ಸ್ಟ್ಯಾಂಡಿಗೆ ಬಂದಾಗ ನಾಲ್ಕು ಗಂಟೆ ಆಗಿತ್ತು. ಬೆಳಕಾಗೋಕೆ ಇನ್ನೂ ತುಂಬ ಹೊತ್ತಿತ್ತು. ಹಾದಿ ಮುಗೀತಲ್ಲ, ಇನ್ನು ಇವಳು ಏನು ಹೇಳ್ತಾಳೆ, ಇವಳೂ ಹೋಗಿಬಿಡ್ತಾಳೆ ಅಂತ ನನಗೆ ಒಂಥರಾ ಗಾಬರಿ ಆಯ್ತು. "ನಿನ್ನ ಬಸ್ಸು ಇನ್ನೂ ಬಂದಿಲ್ಲ ಕಣೆ. ಮಳೆ ಜಾಸ್ತಿ ಇದೆ, ಕಕ್ಕೆಹೊಳೇಲಿ ನೀರು ಬಂದಿದೆಯಂತೆ. ನನಗೇನೂ ಅರ್ಜೆಂಟಿಲ್ಲ, ಇಲ್ಲೇ ನಿಂತಿರೋಣ." ಆಮೇಲೆ ಐದೂ ನಲವತ್ತಕ್ಕೆ ಡಾಕ್ಟರ್ ಹೊರಗೆ ಬಂದು ತಲೆ ಆಡಿಸೋವರೆಗೂ ಅವಳು ನನ್ನ ಜೊತೆ ಬಸ್ ಸ್ಟ್ಯಾಂಡಲ್ಲೇ ನಿಂತಿದ್ಲು, ಮಳೆ ಬರ್ತಾನೇ ಇತ್ತು, ಬಸ್ಸು ಬರಲೇ ಇಲ್ಲ.

ಎಲ್ಲ ಸೇರಿ ಮೂವತ್ತೊಂದು ಮೆಸೇಜ್. ಅಳಿಸಿಲ್ಲ.

ಇದನ್ನ ಬರೀಬೇಕೋ ಬೇಡ್ವೋ ಅಂತ ನಾಲ್ಕು ದಿನದಿಂದ ಯೋಚನೆ ಮಾಡ್ತಿದ್ದೆ, ಬರೆದೇ ಬಿಡ್ತೀನಿ. 2020ರ ಜೂನಲ್ಲಿ ಇಪ್ಪತ್ತೇಳರ ಅಮ್ಮ ತೀರ್ಕೊಂಡ್ರು. ಕೊರೊನಾ, ವಿಮಾನ ಇಲ್ಲ, ಅವಳಿಗೆ ಬರೋಕೆ ಆಗಲಿಲ್ಲ, ಅಮ್ಮನ ಮುಖನ ಫೋನಲ್ಲಿ ನೋಡಿದ್ಲು. ಗ್ರೂಪಲ್ಲಿ ಸುದ್ದಿ ಬಂದಾಗ ನಾನು ಏನು ಮಾಡಿದೆ ಗೊತ್ತಾ, ಎಲ್ಲರ ಹಾಗೆ ಕೈಮುಗಿದ ಒಂದು ಚಿತ್ರ ಹಾಕಿ ಫೋನ್ ಪಕ್ಕಕ್ಕಿಟ್ಟೆ. ಅವಳಿಗೆ ಫೋನ್ ಮಾಡಲಿಲ್ಲ. ಅವರ ಮನೆ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಲಾಕ್‌ಡೌನ್ ಮುಗಿದ ಮೇಲೂ ಹೋಗಲಿಲ್ಲ. ನನ್ನ ಕೈಗೆ ಎಷ್ಟು ಸಲ ಊಟ ಕೊಟ್ಟಿದ್ರು ಆ ತಾಯಿ, ಒದ್ದೆ ಲಂಗ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ ಕೊಡೋರು. ಅವತ್ತು ರಾತ್ರಿ ಇಪ್ಪತ್ತೇಳು ಹೇಗೆ ಕಳೆದ್ಲು, ಯಾರಿದ್ರು ಅವಳ ಜೊತೆ, ನಾನು ಇವತ್ತಿನವರೆಗೂ ಕೇಳಿಲ್ಲ. ಆಸ್ಪತ್ರೆ ಕುರ್ಚಿ ಮೇಲೆ ಕೂತಾಗ ಇದೇ ನನ್ನ ಗಂಟಲಲ್ಲಿ ಸಿಕ್ಕಾಕೊಂಡಿತ್ತು. ನನ್ನಿಂದ ತಪ್ಪಾಗಿದೆ ಕಣೆ. ಎಲ್ಲರೆದುರಿಗೂ ಹೇಳ್ತಿದ್ದೀನಿ, ನನ್ನಿಂದ ತಪ್ಪಾಗಿದೆ.

ಸರಿ. ಒಂದೆರಡು ಲೆಕ್ಕದ ವಿಷಯ ಇದೆ. ನೀವೆಲ್ಲ ಸೇರಿ ಹಾಕಿದ ದುಡ್ಡಿನಲ್ಲಿ ಯಾರದ್ದು ಎಷ್ಟು ಅಂತ ಬರೆದಿಟ್ಟಿದ್ದೀನಿ, ಅರ್ಧ ಈ ತಿಂಗಳು ವಾಪಸ್ ಬರುತ್ತೆ, ಉಳಿದಿದ್ದು ಮುಂದಿನ ಕೊಯ್ಲಿಗೆ, ಬೇಡ ಅನ್ನಬೇಡಿ, ತಗೊಂಡ್ರೆ ನಮ್ಮನೆಯವ್ರಿಗೆ ಸಮಾಧಾನ. ಈ ಸಲ ಮೆಣಸು ಕೊಯ್ಲಿಗೆ ಗೊತ್ತಿರೋ ಆಳುಗಳನ್ನೇ ಕರೆಸಿದ್ವಿ, ಏಣಿಗೆ ಹಗ್ಗ, ಸೊಂಟಕ್ಕೆ ಬೆಲ್ಟ್, ಬೆಲ್ಟ್ ಇಲ್ದೆ ಯಾರನ್ನೂ ಹತ್ತಿಸಲಿಲ್ಲ, ನಿಮ್ಮ ತೋಟದಲ್ಲೂ ದಯವಿಟ್ಟು ಹಾಗೇ ಮಾಡಿ. ಒಣಗಿಸಿ ಆರಿಸಿದ ಮೆಣಸು ಒಬ್ಬೊಬ್ಬರಿಗೆ ಅರ್ಧ ಕೆಜಿ ಕಟ್ಟಿಟ್ಟಿದ್ದೀನಿ, ಅಡ್ರೆಸ್ ಕಳ್ಸಿ.

ಇಪ್ಪತ್ತೇಳೇ, ನಿನ್ನ ಪಾಲನ್ನ ಹೋದ ಸೋಮವಾರ ಸಂತೆಗೆ ಬಂದಾಗ ನಿಮ್ಮಪ್ಪನ ಕೈಗೆ ಕೊಟ್ಟು ಬಂದೆ. ಮೊದಲು ಗುರುತು ಸಿಗಲಿಲ್ಲ ಅವರಿಗೆ, ಆಮೇಲೆ "ನನ್ನ ಮಗಳ ಜೊತೆ ಒಂದೇ ಕೊಡೇಲಿ ಬರ್ತಿದ್ದವಳಲ್ವಾ ನೀನು" ಅಂದ್ರು. ಬೆಲ್ಲದ ಕಾಫಿ ಅವರೇ ಮಾಡಿ ಕೊಟ್ರು, ಒಂದು ಗಂಟೆ ಕೂತಿದ್ದೆ, ಅಮ್ಮನ ಫೋಟೋಗೆ ನಮಸ್ಕಾರ ಮಾಡಿದೆ. ಮೆಟ್ಟಿಲ ಪಕ್ಕ ಅಮ್ಮ ನೆಟ್ಟ ಡೇಲಿಯಾ ಹಾಗೇ ಇದೆ, ಬುಡಕ್ಕೆ ಗೊಬ್ಬರ ಹಾಕ್ತಾರಂತೆ. ಎಡಗಡೆ ಕಿವಿ ಸ್ವಲ್ಪ ಕೇಳಲ್ಲ, ನೀನು ಫೋನ್ ಮಾಡಿದಾಗ ಬಲಗಡೆ ಇಟ್ಕೊಳ್ಳೋಕೆ ಹೇಳು. ಬೇರೆ ಎಲ್ಲ ಚೆನ್ನಾಗಿದ್ದಾರೆ. ಬರೋ ಸೋಮವಾರ ಮತ್ತೆ ಹೋಗ್ತೀನಿ.