ಮಗಳಿಗೊಂದು ಪತ್ರ: ಫೋನಲ್ಲಿ ನೀನು ಕೇಳಿದ ಮಾತು

ಪ್ರೀತಿಯ ಪುಟ್ಟೀ,

ಮೊನ್ನೆ ರಾತ್ರಿ ಹಾಸ್ಟೆಲಿನಿಂದ ಫೋನ್ ಮಾಡಿದಾಗ ಕೇಳಿದೆಯಲ್ಲ, "ಅಮ್ಮ, ನಾನು ಎದುರುಮನೆ ಬಾಯಮ್ಮನ ಮಗಳಾಗಿ ಹುಟ್ಟಿದ್ದರೆ ಏಸುವಿಗೆ ಕೈ ಮುಗಿಯುತ್ತಿದ್ದೆ ಅಲ್ವಾ? ಮತ್ತೆ ಇದು ನನ್ನ ನಂಬಿಕೆ ಹೇಗಾಗುತ್ತದೆ?" ಅಂತ. ನಾನು ಊಟ ಆಯ್ತಾ ಅಂತ ಕೇಳಿ ಮಾತು ಬದಲಿಸಿದೆ. ಹಾಗೆ ಮಾಡಬಾರದಿತ್ತು. ಮೂರು ದಿನದಿಂದ ಅದೇ ತಲೆಯಲ್ಲಿ ಉಂಟು, ಅದಕ್ಕೇ ಬರೆಯುತ್ತಿದ್ದೇನೆ.

ಹೌದು, ಮುಗಿಯುತ್ತಿದ್ದೆ. ಅದರಲ್ಲಿ ನನಗೆ ಅನುಮಾನವೇ ಇಲ್ಲ.

ನಿನಗಿನ್ನೂ ಸರಿಯಾಗಿ ಮಾತು ಬಾರದಿದ್ದಾಗಲೇ ಸಂಜೆ ದೀಪ ಹಚ್ಚಿ ನಿನ್ನ ಎರಡು ಅಂಗೈ ಸೇರಿಸಿ ಹಿಡಿದವಳು ನಾನು. ನಮ್ಮ ಕುಟುಂಬದ ಮೂಲಮನೆ ತರವಾಡಿನಲ್ಲಿ ದೈವಕ್ಕೆ ಕೋಲ ಕಟ್ಟಿ ಕುಣಿಯುವ ರಾತ್ರಿ ನೀನು ನನ್ನ ಮಡಿಲಲ್ಲೇ ನಿದ್ದೆ ಹೋಗುತ್ತಿದ್ದೆ, ನಡುರಾತ್ರಿ ದೈವದ ಕಾಲಿನ ಗಗ್ಗರದ ಸದ್ದಿಗೆ ಎಚ್ಚರವಾಗಿ ಕಣ್ಣು ಬಿಟ್ಟರೆ ಎದುರಿಗೆ ತೆಂಗಿನ ಎಳೆಗರಿಯ ಸಿರಿ, ದೀಟಿಗೆ ಪಂಜಿನ ಬೆಳಕು, ಹಿಂಗಾರದ, ಅಂದರೆ ಅಡಿಕೆ ಹೂವಿನ, ವಾಸನೆ. ಎರಡು ವರ್ಷದ ಮಗು ಅದನ್ನೆಲ್ಲ ನಂಬಬೇಕೋ ಬೇಡವೋ ಅಂತ ಯೋಚಿಸುತ್ತದಾ? ಅದು ಅಮ್ಮನ ಮುಖ ನೋಡುತ್ತದೆ. ಅಮ್ಮ ಕೈ ಮುಗಿದರೆ ತಾನೂ ಮುಗಿಯುತ್ತದೆ, ಅಷ್ಟೇ.

ನಮ್ಮ ಊರಲ್ಲೇ ನೋಡು. 1834ರಲ್ಲಿ ಕ್ರೈಸ್ತ ಧರ್ಮ ಸಾರುವ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಅಜ್ಜಿ ಮನೆಯ ಮಾಡಿನ ಹಂಚಿನ ಮೇಲೆ ಅವರ ಹೆಸರೂ 1865 ಅಂತಲೂ ಇರುವುದನ್ನು ನೀನೇ ಬೆರಳಾಡಿಸಿ ಓದಿದ್ದೆ, ಜೆಪ್ಪುವಿನಲ್ಲಿ ಅವರು ಹಂಚಿನ ಕಾರ್ಖಾನೆ ಹಾಕಿದ ವರ್ಷ ಅದು. ಆ ಕಾಲದಲ್ಲಿ ನಮ್ಮಂಥದ್ದೇ ತುಳು ಮನೆಗಳಿಂದ ಕೆಲವರು ಅವರ ಧರ್ಮಕ್ಕೆ ಸೇರಿದರು. ಸೇರಿದ ಆ ಒಬ್ಬ ಅಜ್ಜ ಯೋಚಿಸಿಯೇ ತೀರ್ಮಾನ ಮಾಡಿರಬಹುದು. ಆದರೆ ಅವನ ಮಕ್ಕಳು, ಮೊಮ್ಮಕ್ಕಳು? ಅವರು ಆ ಮನೆಯಲ್ಲಿ ಹುಟ್ಟಿದರು, ಭಾನುವಾರ ಚರ್ಚಿಗೆ ಹೋದರು. ಅವತ್ತು ಹೋಗದೆ ಉಳಿದವರ ಮೊಮ್ಮಕ್ಕಳು ಕೋಲಕ್ಕೆ ಬಂದರು. ಇಬ್ಬರನ್ನೂ ಯಾರೂ ಕೇಳಿಲ್ಲ.

ಇಷ್ಟರವರೆಗೆ ನೀನು ಹೇಳಿದ್ದೇ ಸರಿ. ಆದರೆ ಯಾವ ದೇವರು ಅನ್ನುವುದು ಮಾತ್ರವೇ ಮನೆಯಿಂದ ಬರುವುದಲ್ಲ ಪುಟ್ಟೀ. ಆ ದೇವರ ಜೊತೆ ಇನ್ನೂ ಎಷ್ಟೋ ಬರುತ್ತದೆ. ನನಗೆ ಅದರದ್ದೇ ಯೋಚನೆ ಜಾಸ್ತಿ.

ನನ್ನ ಅಮ್ಮ ತಲೆ ಬಾಚುವಾಗ ನಮ್ಮ ಮುಲ್ಕಿಯ ಬಪ್ಪನಾಡು ದೇವಸ್ಥಾನದ ಕಥೆ ಹೇಳುತ್ತಿದ್ದರು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ಶಾಂಭವಿ ಹೊಳೆಯಲ್ಲಿ ನಿಂತದ್ದು, ದೇವಿ ಅವನ ಕನಸಿಗೆ ಬಂದದ್ದು, ಅವನು ಗುಡಿ ಕಟ್ಟಿಸಿದ್ದು. ಜಾತ್ರೆಯಲ್ಲಿ ಇವತ್ತಿಗೂ ಆ ಮನೆತನಕ್ಕೆ ಪ್ರಸಾದ ಸಲ್ಲುತ್ತದೆ. ಜಡೆ ಹೆಣೆದು ಮುಗಿಯುವಷ್ಟರಲ್ಲಿ ಕಥೆಯೂ ಮುಗಿಯುತ್ತಿತ್ತು. ಹಾಗಾಗಿ ದುರ್ಗಾಪರಮೇಶ್ವರಿ ಒಬ್ಬ ಬ್ಯಾರಿಯ ಕನಸಿಗೆ ಬರುವುದು ನನಗೆ ವಿಚಿತ್ರ ಅಂತ ಒಂದು ದಿನವೂ ಅನ್ನಿಸಲಿಲ್ಲ. ಸೆಪ್ಟೆಂಬರ್ 8ಕ್ಕೆ ಬಾಯಮ್ಮನ ಮನೆಯಲ್ಲಿ ತೆನೆಹಬ್ಬ ಮೊಂತಿ ಫೆಸ್ತ್, ಇಗರ್ಜಿಯಿಂದ ತಂದ ಹೊಸ ತೆನೆಯ ಅಕ್ಕಿ ಸುಲಿದು ಹಾಲಿಗೆ ಹಾಕುತ್ತಾರೆ. ನಮ್ಮಲ್ಲಿ ಕಂಬಕ್ಕೆ ಕದಿರು ಕಟ್ಟಿ, ಅದೇ ಹೊಸ ಅಕ್ಕಿ ಸೇರಿಸಿ ಪುದ್ವಾರ್, ಅಂದರೆ ಹೊಸ ಅಕ್ಕಿಯ ಊಟ. ಚಿಕ್ಕವಳಿದ್ದಾಗ ನೀನು ಎರಡೂ ಕಡೆ ಉಂಡು ಬರುತ್ತಿದ್ದೆ. ಅದೂ ನಿನಗೆ ಮನೆಯಿಂದಲೇ ಬಂದದ್ದು ತಾನೇ?

ಈಗ ಹೇಳಲು ಕಷ್ಟವಾದದ್ದು. ನನ್ನ ಅಮ್ಮ ನನಗೆ ಕಥೆ ಕೊಟ್ಟರು, ನಾನು ನಿನಗೆ ಹೆದರಿಕೆ ಕೊಟ್ಟೆ. ಸುಳ್ಳು ಹೇಳಿದರೆ ಪಂಜುರ್ಲಿ ದೈವ ಬರುತ್ತದೆ ಅಂದೆ, ಅನ್ನ ಬಿಟ್ಟರೆ ದೈವ ಮುನಿಯುತ್ತದೆ ಅಂದೆ. ನನಗೆ ಕೆಲಸ ಸುಲಭವಾಗುತ್ತಿತ್ತು. ಮೂರನೇ ಕ್ಲಾಸಿನಲ್ಲಿದ್ದಾಗ ನೀನು ನಾಗನ ಕಲ್ಲಿರುವ ನಾಗಬನದ ಒಳಗೆ ಬಿದ್ದ ಚೆಂಡು ತರಲು ಹೋದೆ, ಆ ರಾತ್ರಿಯೇ ನಿನಗೆ ಜ್ವರ ಬಂತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆ, ನೀನು ನಿದ್ದೆಯಲ್ಲೇ "ತಪ್ಪಾಯ್ತು, ತಪ್ಪಾಯ್ತು" ಅನ್ನುತ್ತಿದ್ದೆ. ಬನಕ್ಕೆ ಹೋಗಿದ್ದೆಯಲ್ಲ, ಅದಕ್ಕೇ, ಅಂತ ನಾನೂ ಹೇಳಿಬಿಟ್ಟೆ. ಅದು ಮಳೆಯಲ್ಲಿ ನೆನೆದು ಬಂದ ಜ್ವರ ಮಗಾ. ಎಂಟು ವರ್ಷದ ಮಗುವಿಗೆ ಆ ಮಾತು ಹೇಳಬಾರದಿತ್ತು. ಈಗಲೂ ಪರೀಕ್ಷೆ ಸರಿಯಾಗದಿದ್ದರೆ ದೇವರಿಗೆ ಏನು ತಪ್ಪು ಮಾಡಿದೆ ಅಂತ ನೀನು ಲೆಕ್ಕ ಹಾಕುತ್ತೀಯಲ್ಲ, ಅದನ್ನು ಕೇಳುವಾಗ ನನ್ನ ಹೊಟ್ಟೆ ಉರಿಯುತ್ತದೆ.

ಆ ಹೆದರಿಕೆಯನ್ನು ಬಿಟ್ಟುಬಿಡು. ಅದು ದೈವ ಕೊಟ್ಟದ್ದಲ್ಲ, ನಾನು ಕೊಟ್ಟದ್ದು. ಉಳಿದದ್ದನ್ನು ಇಟ್ಟುಕೊಳ್ಳುತ್ತೀಯೋ ಬಿಡುತ್ತೀಯೋ, ನೀನೇ ನೋಡು. ನನಗೆ ದೀಪ ಹಚ್ಚದೆ ಸಂಜೆ ಆಗುವುದಿಲ್ಲ, ಅಮ್ಮ ಕಲಿಸಿದ್ದು ಅಂತ ಗೊತ್ತಿದ್ದರೂ ಹಚ್ಚುವಾಗ ಮನಸ್ಸು ತಣ್ಣಗಾಗುವುದು ನಿಜವೇ. ನಿನಗೆ ಹಾಗಾಗದಿದ್ದರೆ ಹೇಳು, ನಾನು ಬೇಜಾರು ಮಾಡುವುದಿಲ್ಲ. ಅಪ್ಪನಿಗೆ ಸ್ವಲ್ಪ ಬೇಜಾರಾಗಬಹುದು, ಅವರ ಹತ್ತಿರ ನಾನು ಮಾತಾಡುತ್ತೇನೆ.

ಬಪ್ಪನಾಡು ಜಾತ್ರೆಗೆ ಬರುವುದಾದರೆ ಒಂದು ವಾರ ಮೊದಲೇ ತಿಳಿಸು. ಶಂಕರಪುರದ ಹೂವಿನ ಬಾಯಮ್ಮನಿಗೆ ಮಲ್ಲಿಗೆ ಹೇಳಿಡಬೇಕು, ದೇವಿಯನ್ನು ಮಲಗಿಸುವ ಶಯನೋತ್ಸವದ ದಿನ ರಾಶಿಗಟ್ಟಲೆ ಹೂವು ದೇವಿಗೇ ಹೋಗುತ್ತದೆ, ಆಮೇಲೆ ಕೇಳಿದರೆ ಸಿಗುವುದಿಲ್ಲ. ಬಾರದಿದ್ದರೂ ಫೋನ್ ಮಾಡು. ಈ ಸಲ ಮಾತು ಬದಲಿಸುವುದಿಲ್ಲ.

ನಿನ್ನ
ಅಮ್ಮ
ಮುಲ್ಕಿ