ಮನಸ್ಸಿನ ಡಾಕ್ಟರು ಯಾರು, ಹೆಸರು ಬೋರ್ಡಿನಲ್ಲಿ ಬರೆಸಿ: ಶಿವಮೊಗ್ಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಸಾಗರದ ಕಡೆ ನನ್ನದೊಂದು ಮೆಡಿಕಲ್ ಶಾಪ್ ಇದೆ. ಚೀಟಿ ನೋಡಿ ಮಾತ್ರೆ ಕೊಡುವುದಷ್ಟೇ ನನ್ನ ಕೆಲಸ. ಯಾರಿಗೆ ಯಾವ ಕಾಯಿಲೆ ಅಂತ ಹೇಳುವವರು ನಮ್ಮೂರ ವಾಟ್ಸಾಪ್ ಗ್ರೂಪಿನಲ್ಲಿದ್ದಾರೆ.

ಮೊನ್ನೆ ಅಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ಬಗ್ಗೆ ಜೋರು ಜಗಳ. ಮಾತಿಗೆ ಮಾತು ಬೆಳೆದಾಗ ಒಬ್ಬರು ಬರೆದರು: "ನಾನು ಸೈಕಾಲಜಿ ಫೀಲ್ಡಿನಲ್ಲೇ ಇರೋದು. ನಿಮ್ಮ ಮೆಸೇಜ್ ನೋಡಿದ್ರೇ ಗೊತ್ತಾಗುತ್ತೆ, ನಿಮಗೆ ಬೈಪೋಲಾರ್ ಇದೆ. ಮೊದಲು ತೋರಿಸ್ಕೊಳ್ಳಿ." ಬೈಪೋಲಾರ್ ಅಂದರೆ ಮನಸ್ಸು ಒಮ್ಮೆ ವಿಪರೀತ ಉತ್ಸಾಹಕ್ಕೆ, ಇನ್ನೊಮ್ಮೆ ವಿಪರೀತ ಕುಗ್ಗುವಿಕೆಗೆ ಹೋಗುವ ಕಾಯಿಲೆ. ಎದುರಿನವರು ಎಷ್ಟು ಕಾಡು ಹೋಗುತ್ತೆ ಅಂತ ಕೇಳಿದ್ದರು, ಅಷ್ಟೇ. ಉತ್ತರ ಬರಲಿಲ್ಲ. ಪ್ರಶ್ನೆ ಕೇಳಿದವರೇ ಗ್ರೂಪ್ ಬಿಟ್ಟರು.

ಇಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಇದೇ ತಜ್ಞರು ಹಿಂದೊಮ್ಮೆ, ಡಿಪ್ರೆಷನ್ ಮಾತ್ರೆ ಚಟ ಹಿಡಿಸುತ್ತೆ, ಇವತ್ತೇ ನಿಲ್ಲಿಸಿ ಅಂದಿದ್ದರು. ತಿಂಗಳು ತಪ್ಪದೆ ಎಸ್ಸಿಟಾಲೊಪ್ರಾಮ್ ಅನ್ನೋ ಡಿಪ್ರೆಷನ್ ಮಾತ್ರೆ ಒಯ್ಯುತ್ತಿದ್ದವರೊಬ್ಬರು ಅದನ್ನು ನಂಬಿ ಬಿಟ್ಟೇಬಿಟ್ಟರು. ಆಮೇಲೆ ಅಂಗಡಿಗೆ ಬಂದು, ತಲೆಸುತ್ತು, ನಿದ್ದೆ ಇಲ್ಲ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತೆ ಅಂದರು. ಇದು ಚಟ ಹಿಡಿಸುವ ಮಾತ್ರೆ ಅಲ್ಲ. ಆದರೆ ಕೆಲಸ ಶುರು ಮಾಡಲಿಕ್ಕೇ ಕೆಲವು ವಾರ ಬೇಕು, ಬಿಡುವಾಗಲೂ ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ನಮ್ಮ ಅಂಗಡಿ ಹುಡುಗನಿಗೂ ಇಷ್ಟು ಗೊತ್ತು.

ಕಾನೂನೇನೋ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಂ ಪ್ರಕಾರ, ಒಬ್ಬರ ರಾಜಕೀಯ ಅಥವಾ ಸಾಮಾಜಿಕ ನಿಲುವು ನಮಗೆ ಹಿಡಿಸಲಿಲ್ಲ ಅಂತ ಅವರಿಗೆ ಮಾನಸಿಕ ಕಾಯಿಲೆ ಇದೆ ಎನ್ನುವಂತಿಲ್ಲ. ಮನೋವೈದ್ಯರ ಹೆಸರು ವೈದ್ಯಕೀಯ ಮಂಡಳಿಯಲ್ಲಿರಬೇಕು, ಮಾತ್ರೆ ಬರೆಯದೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟರ ಹೆಸರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ನೋಂದಾಯಿತರ ಪಟ್ಟಿ ಪ್ರಕಟಿಸಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಹೊಸನಗರದ ಮೂಲೆಯ ತೋಟದ ಮನೆಯಲ್ಲಿ ಕೂತವರು ಇದನ್ನೆಲ್ಲ ಎಲ್ಲಿ ಹುಡುಕಬೇಕು? ನೆಟ್‌ವರ್ಕ್ ಸಿಕ್ಕ ದಿನ ತಾನೇ!

ಡಾಕ್ಟರು ಬಿಟ್ಟು ಬೇರೆಯವರು ಬಾಯಿ ಬಿಡಬಾರದು ಅಂತ ನಾನು ಹೇಳುತ್ತಿಲ್ಲ. ಕಾಯಿಲೆ ಅನುಭವಿಸಿದವರು, ಮನೆಯಲ್ಲಿ ನೋಡಿಕೊಂಡವರು ಮಾತಾಡಲೇಬೇಕು. ಅವರು ಯಾರೂ ತಜ್ಞರು ಅಂತ ಹೇಳಿಕೊಳ್ಳುವುದಿಲ್ಲ ಅಲ್ವಾ?

ಡಾ. ಅಶೋಕ್ ಪೈ ಅವರಂಥ ಮನೋವೈದ್ಯರು ಕೆಲಸ ಮಾಡಿದ ಜಿಲ್ಲೆ ಇದು. ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ, ಪಂಚಾಯಿತಿ ಕಚೇರಿಯಲ್ಲೂ ಒಂದು ಬೋರ್ಡ್ ಹಾಕಿಸಿ. ಜಿಲ್ಲೆಯಲ್ಲಿರುವ ಮನೋವೈದ್ಯರು, ಸೈಕಾಲಜಿಸ್ಟರ ಹೆಸರು, ನೋಂದಣಿ ಸಂಖ್ಯೆ ಇರಲಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರಲ್ಲ, ಯಾವ ಊರಿಗೆ ಯಾವ ಮಂಗಳವಾರ ಅಂತ ಬರೆಸಿ. ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದಪ್ಪಕ್ಷರದಲ್ಲಿ ಇರಲಿ. ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಬೋರ್ಡ್ ತಿದ್ದುವ ಹೊಣೆಯನ್ನೂ ಒಬ್ಬರಿಗೆ ವಹಿಸಿ. ಇಲ್ಲದಿದ್ದರೆ ವರ್ಗವಾಗಿ ಹೋದ ಡಾಕ್ಟರ ಹೆಸರೇ ಐದು ವರ್ಷ ಅಲ್ಲಿ ಉಳಿದಿರುತ್ತದೆ.

ಇಂತಿ,
ಸಾಗರದ ಒಬ್ಬ ಔಷಧಿ ವ್ಯಾಪಾರಿ