ಊರು ಎಣಿಸಬೇಡ, ಹಗಲು ಎಣಿಸು

ಚಿ. ಸುಮಾಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಯುರೋಪಿನ ಡ್ಯಾನ್ಯೂಬ್ ನದಿಯಲ್ಲಿ ಒಂದು ವಾರ ಹಡಗಿನಲ್ಲಿದ್ದು ಬಂದರೆ ಈ ದಣಿವು ಆರೀತೇ ಎಂದು ಕೇಳಿದ್ದೀಯ. ಆರುತ್ತದೆ. ಆದರೆ ಹಡಗು ನಿಧಾನ ಹೋದರೆ ಸಾಲದು, ನೀನೂ ನಿಧಾನಿಸಬೇಕು. ಹೆಚ್ಚಿನವರು ಎಡವುವುದು ಅಲ್ಲೇ. ದಿನಕ್ಕೆರಡು ಗೈಡ್ ಪ್ರವಾಸ, ಮೂರು ಹೊತ್ತು ಭರ್ಜರಿ ಊಟ, ರಾತ್ರಿ ಮನರಂಜನೆ ಎಂದು ಒಂದನ್ನೂ ಬಿಡದೆ, ಹತ್ತಿದಾಗ ಇದ್ದದ್ದಕ್ಕಿಂತ ಹೆಚ್ಚು ದಣಿದು ಇಳಿಯುತ್ತಾರೆ.

ಕಾರ್ಯಕ್ರಮದ ಪಟ್ಟಿ ಕೈಗೆ ಬಂದಾಗ ಊರುಗಳನ್ನು ಎಣಿಸಬೇಡ. ಹಗಲಿನಲ್ಲಿ ಹಡಗು ಎಷ್ಟು ಗಂಟೆ ಸಾಗುತ್ತದೆ ಎಂದು ಎಣಿಸು. ಬಹಳಷ್ಟು ಹಡಗುಗಳು ರಾತ್ರಿ ಸಾಗಿ ಹಗಲು ದಕ್ಕೆಯಲ್ಲಿ ನಿಂತಿರುತ್ತವೆ. ಅಂಥದ್ದರಲ್ಲಿ ಸಿಗುವುದು ತೇಲುವ ಹೋಟೆಲು, ನದಿಯಲ್ಲ. ವಾರದಲ್ಲಿ ಮೂರು ಅರ್ಧ ದಿನವಾದರೂ ಬೆಳಕಿನಲ್ಲಿ ಸಾಗುವಂಥದ್ದನ್ನು ಆರಿಸು. ಆಸ್ಟ್ರಿಯಾದಲ್ಲಿ ಮೆಲ್ಕ್ ಮತ್ತು ಕ್ರೆಮ್ಸ್ ನಡುವಿನ ವಾಖಾವ್ ಕಣಿವೆಯನ್ನು ಯಾವ ಹೊತ್ತಿಗೆ ದಾಟುತ್ತಾರೆ ಎಂದು ಕೇಳು. ಸುಮಾರು 36 ಕಿ.ಮೀ. ಉದ್ದದ ಆ ಕಣಿವೆ 2000ದಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅದನ್ನು ಕತ್ತಲಲ್ಲಿ ದಾಟಿಸುವವರಿಗೆ ದುಡ್ಡು ಕೊಡಬೇಡ. ಇನ್ನೊಂದು ಗುಟ್ಟು: ಸೆಳವಿಗೆ ಎದುರಾಗಿ ಹೋಗುವ ಯಾನ ಸಿಕ್ಕರೆ ಅದನ್ನೇ ಹಿಡಿ. ಇದೇ ಕಣಿವೆಯನ್ನು ಅಲ್ಲಿನ ವಿಹಾರದ ದೋಣಿಗಳು ಇಳಿಮುಖವಾಗಿ ಎರಡು ಗಂಟೆಯೊಳಗೆ ದಾಟುತ್ತವೆ, ಏರುಮುಖವಾಗಿ ಸುಮಾರು ಮೂರು ಗಂಟೆ ಬೇಕು. ನಿನಗೆ ಬೇಕಾಗಿರುವುದು ಆ ಹೆಚ್ಚಿನ ಒಂದು ಗಂಟೆಯೇ.

ನದಿಯ ಹಡಗಿನ ಅಳತೆಯನ್ನು ಲಾಕ್‌ಗಳೇ ನಿರ್ಧರಿಸುತ್ತವೆ. ಲಾಕ್ ಎಂದರೆ ನೀರು ತುಂಬಿಸಿ ಇಲ್ಲವೆ ಹೊರಬಿಟ್ಟು ಹಡಗನ್ನು ಏರಿಸಿ ಇಳಿಸುವ, ಗೇಟುಗಳಿರುವ ತೊಟ್ಟಿ. ರೈನ್ ನದಿಯ ಕಡೆಯಿಂದ ಡ್ಯಾನ್ಯೂಬಿಗೆ ದಾರಿ ಮಾಡಿಕೊಟ್ಟ ಜರ್ಮನಿಯ ಮೈನ್-ಡ್ಯಾನ್ಯೂಬ್ ಕಾಲುವೆ 1992ರಲ್ಲಿ ಪೂರ್ತಿಯಾಯಿತು. ಅದರ 16 ಲಾಕ್‌ಗಳ ಅಗಲ ತಲಾ 12 ಮೀಟರ್, ಹಡಗಿನದು ಸುಮಾರು 11.4. ಅಂದರೆ ಎರಡು ಬದಿಗೂ ಒಂದೊಂದು ಗೇಣು ಮತ್ತೊಂದಿಷ್ಟು ಜಾಗ. ಲಾಕ್ ಬಂದಾಗ ಫೋನು ಒಳಗಿಟ್ಟು ಡೆಕ್ಕಿಗೆ ಹೋಗಿ ನಿಲ್ಲು. ಹಡಗು ತೆವಳಿಕೊಂಡು ಒಳಗೆ ಬರುತ್ತದೆ, ಹಿಂದೆ ಗೇಟು ಮುಚ್ಚುತ್ತದೆ. ಕೈಚಾಚಿದರೆ ತಾಗುವಷ್ಟು ಹತ್ತಿರ ಕಾಂಕ್ರೀಟ್ ಗೋಡೆ, ಮೈಯೆಲ್ಲ ಪಾಚಿ, ತೊಟ್ಟಿಕ್ಕುವ ನೀರು (ಕೈ ಮಾತ್ರ ಚಾಚಬೇಡ, ಬೆರಳು ಜಜ್ಜಿಹೋದೀತು). ಕೆಳಗಿನಿಂದ ನೀರು ತುಂಬುತ್ತಾ ಹೋದಂತೆ ಗೋಡೆ ಒಂದೊಂದೇ ಅಂಗುಲ ಇಳಿದು, ಆಮೇಲೆ ಹುಲ್ಲು, ಮರ, ಬಯಲು ಕಣ್ಣಿಗೆ ಬೀಳುತ್ತವೆ. ಆ ಕಾಲುವೆಯ ಕೆಲವು ಲಾಕ್‌ಗಳು ಹಡಗನ್ನು ಸುಮಾರು 25 ಮೀಟರ್ ಎತ್ತುತ್ತವೆ. ಅಷ್ಟು ಹೊತ್ತು ಯಾರೂ ಏನನ್ನೂ ಬೇಗ ಮಾಡಲಾರರು, ಕಪ್ತಾನನೂ ಸೇರಿ.

ಮನಸ್ಸಿಗೆ ಇದರಿಂದ ಆಗುವ ಲಾಭಕ್ಕೆ ಕಾರಣವಿದೆ. ಹಟ ಹಿಡಿದು ಒಂದೇ ಕೆಲಸದ ಮೇಲೆ ಗಮನ ಇಡುವ ಶಕ್ತಿ ದಣಿಯುತ್ತದೆ. ನೀರು, ಎಲೆ, ಮೋಡಗಳಂತೆ ಬಲವಂತವಿಲ್ಲದೆ ಸೆಳೆಯುವ ನೋಟಗಳ ಮುಂದೆ ಅದು ಚೇತರಿಸಿಕೊಳ್ಳುತ್ತದೆ ಎಂದು ಮನೋವಿಜ್ಞಾನಿಗಳಾದ ರೇಚೆಲ್ ಮತ್ತು ಸ್ಟೀಫನ್ ಕಪ್ಲನ್ 1989ರಲ್ಲಿ ವಿವರಿಸಿದರು. ಹಡಗಿನಲ್ಲಿ ಆ ನೋಟ ತಾನಾಗಿ ಬದಲಾಗುತ್ತಿರುತ್ತದೆ, ದಾರಿ ಹುಡುಕುವ ಕೆಲಸ ನಿನ್ನದಲ್ಲ. ಪೆಟ್ಟಿಗೆಯನ್ನು ಒಂದೇ ಸಲ ಬಿಚ್ಚಿದರೆ ಸಾಕು. ದೊಡ್ಡ ಅಲೆಗಳಿಲ್ಲದ್ದರಿಂದ ಸಮುದ್ರಯಾನದ ವಾಕರಿಕೆಯೂ ಸಾಮಾನ್ಯವಾಗಿ ಕಾಡುವುದಿಲ್ಲ.

ನಿದ್ದೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಇಂಜಿನ್ ಹಿಂಭಾಗದಲ್ಲಿರುತ್ತದೆ, ಮುಂಭಾಗದಲ್ಲಿ ಹಡಗನ್ನು ಪಕ್ಕಕ್ಕೆ ತಳ್ಳುವ ಯಂತ್ರವಿದ್ದು, ನಡುರಾತ್ರಿ ಲಾಕ್ ಬಂದರೆ ಗುರ್ ಎನ್ನುತ್ತದೆ. ನಿನ್ನದು ಕೋಳಿನಿದ್ದೆ, ನಡುಭಾಗದ ಕ್ಯಾಬಿನ್ ಕೇಳಿ ತೆಗೆದುಕೋ. ತೀರಾ ಕೆಳಗಿನ ಡೆಕ್ ಅಗ್ಗ, ಆದರೆ ಅಲ್ಲಿ ಕಿಟಕಿ ಸೂರಿನ ಹತ್ತಿರ ಸಣ್ಣದಾಗಿರುತ್ತದೆ, ತೆರೆಯುವುದಿಲ್ಲ. ಬಾಲ್ಕನಿಗೆ ಹೆಚ್ಚು ಸುರಿಯುವ ಅಗತ್ಯವೂ ಇಲ್ಲ: ದಕ್ಕೆಯಲ್ಲಿ ಜಾಗ ಸಾಲದಿದ್ದರೆ ಇನ್ನೊಂದು ಹಡಗನ್ನು ಪಕ್ಕಕ್ಕೇ ಕಟ್ಟುತ್ತಾರೆ, ಪರದೆ ಎಳೆದುಕೊಂಡೇ ಕೂರಬೇಕಾಗುತ್ತದೆ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೇಲಿನ ಡೆಕ್ಕಿಗೆ ಹೋಗಿ ಬಿಸಿಲಿಗೆ ಮುಖ ಕೊಡು. ಮಧ್ಯಾಹ್ನದ ನಿದ್ದೆ ಇಪ್ಪತ್ತು ನಿಮಿಷ ಸಾಕು. ವಿಮಾನ ಇಳಿದ ದಿನವೇ ಹಡಗು ಹತ್ತಬೇಡ.

ನೆದರ್ಲೆಂಡ್ಸಿನಲ್ಲಿ ಉದ್ಯೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ರಜೆಯ ಹಿತ ತುದಿ ಮುಟ್ಟಿದ್ದು ಎಂಟನೆಯ ದಿನ. ಕೆಲಸಕ್ಕೆ ಮರಳಿದ ಮೇಲೆ ಅದು ಬೇಗ ಕರಗಿತು. ಹಾಗಾಗಿ ಏಳು ರಾತ್ರಿಯ ಯಾನಕ್ಕೆ ಹತ್ತು ದಿನ ರಜೆ ಹಾಕು. ಇಳಿದ ಮರುದಿನವೇ ಮೀಟಿಂಗ್ ಇಟ್ಟುಕೊಂಡರೆ ಕೊನೆಯ ಎರಡು ದಿನ ಡೆಕ್ ಮೇಲೆ ಕೂತು ಅದರದ್ದೇ ಚಿಂತೆ ಮಾಡುತ್ತೀ.

ದಿನಕ್ಕೆ ಒಂದೇ ಪ್ರವಾಸ. ಉಳಿದ ಹೊತ್ತು ದಂಡೆಯುದ್ದಕ್ಕೂ ಒಬ್ಬಳೇ ಮುಕ್ಕಾಲು ಗಂಟೆ ನಡೆ, ಇಲ್ಲವಾದರೆ ಊಟ ಮೈಗೆ ಹತ್ತುತ್ತದೆ. ಹಳೆಯ ಪೇಟೆಗಳ ರಸ್ತೆ ಉರುಟು ಕಲ್ಲಿನದು, ದಪ್ಪ ಅಟ್ಟೆಯ ಬೂಟು ಬೇಕು. ನದಿಯ ಮಟ್ಟ ಬದಲಾದಂತೆ ಇಳಿಯುವ ಹಲಗೆಯ ಇಳಿಜಾರೂ ಬದಲಾಗುತ್ತದೆ, ಪಕ್ಕದ ಹಿಡಿಕಂಬಿ ಬಿಡಬೇಡ. ಊಟಕ್ಕೆ ಮುನ್ನ ಸೋಪು ಹಾಕಿ ಕೈ ತೊಳೆ. ಹಡಗುಗಳಲ್ಲಿ ಹರಡುವ ನೋರೊವೈರಸ್ ವಾಂತಿಭೇದಿಗೆ ಸ್ಯಾನಿಟೈಸರ್ ಸಾಲದು. ಹಲವು ನದಿ ಹಡಗುಗಳಲ್ಲಿ ವೈದ್ಯರಿರುವುದಿಲ್ಲ, ಮಾತ್ರೆಗಳನ್ನು ಐದು ದಿನಕ್ಕೆ ಹೆಚ್ಚೇ ಕಟ್ಟಿಕೋ, ಅದೂ ಕೈಚೀಲದಲ್ಲಿ.

ಬೇಸಿಗೆಯ ಕೊನೆಗೆ ನೀರು ಇಳಿದರೆ ಹಡಗು ತಳ ತಾಗುತ್ತದೆ, ಹಿಮ ಕರಗಿ ನೀರೇರಿದರೆ ಸೇತುವೆಯ ಕೆಳಗೆ ನುಸುಳಲಾರದು. ಎರಡರಲ್ಲೂ ಬಸ್ಸಿಗೆ ಹತ್ತಿಸುತ್ತಾರೆ. 2018 ಮತ್ತು 2022ರಲ್ಲಿ ರೈನ್ ನದಿಯ ನೀರು ತೀರಾ ಇಳಿದದ್ದು ದೊಡ್ಡ ಸುದ್ದಿಯಾಗಿತ್ತು. ಹಾಗಾದಾಗ ಎಷ್ಟು ಹಣ ವಾಪಸು ಕೊಡುತ್ತಾರೆ ಎಂಬುದನ್ನು ಬರೆಸಿಕೊಂಡ ಮೇಲೆಯೇ ಮುಂಗಡ ಕಟ್ಟು. ಡೆಕ್ಕಿನ ನಕ್ಷೆ ಬಂದರೆ ನನಗೂ ಕಳಿಸು, ಕ್ಯಾಬಿನ್ ನಂಬರು ಇಬ್ಬರೂ ಸೇರಿ ಆರಿಸೋಣ.

ಇತಿ,
ನಿನ್ನ ದೊಡ್ಡಪ್ಪ